ರಾಣೆಬೆನ್ನೂರು ದಾಟಿದ ಮೇಲೆ

ನಾನು ಕಾಲಾಳು ಪಡೆಯಲ್ಲಿ ಹವಾಲ್ದಾರ್. ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ರಜೆಯ ಮೇಲೆ ಊರಿಗೆ ಹೊರಟಿದ್ದೆ. ಬೆಂಗಳೂರಿಗೆ ಬಂದು ಕರೆದುಕೊಂಡು ಹೋಗುತ್ತಿದ್ದವರು ಅಕ್ಕನ ಗಂಡ, ನಮ್ಮ ಭಾವ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾಣೆಬೆನ್ನೂರು ದಾಟಿ ಹಾವೇರಿಯ ಕಡೆಗೆ ಸಾಗುತ್ತಿದ್ದಾಗ, ನಮಗಿಂತ ಮುಂದಿದ್ದ ಕಾರು, ಹಿಂದೆ ಒಂದು ದೀಪವೂ ಇಲ್ಲದೆ ಗೋವಿನಜೋಳ ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರಿನ ಟ್ರೇಲರಿಗೆ ಗುದ್ದಿತು. ಆಮೇಲೆ ಊರಿನಲ್ಲಿ ಶಾಲು ಹೊದಿಸಿ ಶೌರ್ಯ, ಸಾಹಸ ಎಂದೆಲ್ಲ ಮಾತನಾಡಿದರು. ಅಲ್ಲಿ ನಾನು ಮಾಡಿದ್ದು ಕಲಿತ ಕೆಲಸವನ್ನು, ಅದನ್ನೂ ಒಂದು ತಪ್ಪಿನ ಸಮೇತ.

ನಮ್ಮಂಥ ಹೋರಾಡುವ ಪಡೆಗಳ ಕೆಲವರಿಗೆ ಬಿಎಫ್‌ಎನ್‌ಎ ಎಂಬ ತರಬೇತಿ ಕೊಡುತ್ತಾರೆ. ವೈದ್ಯರು ಬರುವವರೆಗೆ ಗಾಯಾಳುವಿನ ಜೀವ ಹಿಡಿದಿಡುವ ವಿದ್ಯೆ ಅದು. ಅದರ ಮೊದಲ ಪಾಠ, ಗುಂಡು ಹಾರುತ್ತಿರುವ ಜಾಗದಲ್ಲಿ ಗಾಯಾಳುವಿನ ಬಳಿಗೆ ಓಡಬೇಡ ಎಂಬುದು. ಹೆದ್ದಾರಿಯಲ್ಲಿ ಗುಂಡಿನ ಬದಲು ಹಿಂದಿನಿಂದ ಬರುವ ಲಾರಿಗಳಿರುತ್ತವೆ, ಅಷ್ಟೇ. ನಾನು ಮರೆತದ್ದೂ ಅದನ್ನೇ. ಕಾರಿನೊಳಗಿಂದ ಹೆಂಗಸೊಬ್ಬರ ಕೂಗು ಕೇಳಿದೊಡನೆ ಓಡಿದೆ. ಹಿಂದೆ ಬಂದ ಲಾರಿ ಕಿರುಚುವ ಬ್ರೇಕಿನೊಂದಿಗೆ ನಮ್ಮಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಾಗಲೇ ಬುದ್ಧಿ ಬಂದದ್ದು. ಕೂಡಲೇ ಭಾವನವರಿಗೆ ನಮ್ಮ ಕಾರಿನ ನಾಲ್ಕೂ ದೀಪ ಮಿನುಗಲು ಹಾಕಿ, ಮೊಬೈಲಿನ ಬೆಳಕು ಬೀಸುತ್ತ ರಸ್ತೆಯ ಅಂಚಿನಲ್ಲೇ ನೂರು ಹೆಜ್ಜೆ ಹಿಂದಕ್ಕೆ ಹೋಗಿ ನಿಲ್ಲಲು, ಹೋಗುತ್ತಲೇ 108ಕ್ಕೆ ಕರೆ ಮಾಡಿ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆಯನ್ನು ಓದಿ ಹೇಳಲು ತಿಳಿಸಿದೆ. ಆ ಸಂಖ್ಯೆ ಹೇಳಿದ್ದರಿಂದಲೇ ಆಂಬುಲೆನ್ಸಿನವರು ಮತ್ತೆ ದಾರಿ ಕೇಳಬೇಕಾಗಲಿಲ್ಲ.

ಲಾರಿಯ ಚಾಲಕರು ಇಳಿದು ಬಂದರೂ ಹತ್ತಿರ ಬರಲಿಲ್ಲ. “ಮುಟ್ಟಿದ್ರ ಕೇಸಿನ್ಯಾಗ ಸಿಗತೇವ್ರೀ” ಎಂದರು. ಆ ಹೆದರಿಕೆ ಹಳೆಯದು, ಆದರೆ ಈಗ ಅದಕ್ಕೆ ಆಧಾರವಿಲ್ಲ. ನೆರವಿಗೆ ಬಂದವರ ರಕ್ಷಣೆಯ ನಿಯಮಗಳಿಗೆ ಸುಪ್ರೀಂ ಕೋರ್ಟ್ 2016ರ ಮಾರ್ಚ್‌ನಲ್ಲಿ ಬಲ ಕೊಟ್ಟಿದೆ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ. ಇಷ್ಟೆಲ್ಲ ಹೇಳಲು ಆಗ ಸಮಯವಿರಲಿಲ್ಲ. “ಕೇಸಾದ್ರ ನನ್ನ ಮ್ಯಾಲ ಆಗಲಿ, ಬರ್ರಿ” ಎಂದೆ, ಬಂದರು.

ಒಳಗೆ ನಾಲ್ವರಿದ್ದರು. ಕೂಗುತ್ತಿದ್ದ ಹೆಂಗಸಿಗೆ ಕೈ ಮುರಿದಿತ್ತು. ಕೂಗುವವರಿಗೆ ಉಸಿರಿದೆ ಎಂದೇ ಅರ್ಥ. ಸದ್ದಿಲ್ಲದವರನ್ನು ಮೊದಲು ನೋಡಬೇಕು. ಹಿಂದಿನ ಸೀಟಿನಲ್ಲಿ ಅಜ್ಜಿಯ ಪಕ್ಕದಲ್ಲಿದ್ದ ಐದಾರು ವರ್ಷದ ಮಗುವಿನ ತಲೆ ಎದೆಯ ಮೇಲೆ ಬಾಗಿ, ಉಸಿರು ಗೊರಗೊರ ಎನ್ನುತ್ತಿತ್ತು. ಕುತ್ತಿಗೆಗೆ ಪೆಟ್ಟಾಗಿರಬಹುದೆಂದು ತಲೆಯನ್ನು ಹಿಂದಕ್ಕೆ ಬಾಗಿಸದೆ, ಎರಡೂ ಕೈಗಳಿಂದ ನೇರವಾಗಿ ಹಿಡಿದು, ಬೆರಳುಗಳಿಂದ ದವಡೆಯ ಮೂಲೆಗಳನ್ನು ಮುಂದಕ್ಕೆ ಒತ್ತಿದೆ. ಗೊರಗೊರ ನಿಂತಿತು, ಮೂರನೆಯ ಉಸಿರಿಗೆ ಮಗು ಅತ್ತಿತು. ಆಸ್ಪತ್ರೆಯವರು ಬರುವವರೆಗೆ ಹೀಗೇ ಹಿಡಿದಿರಬೇಕೆಂದು ಲಾರಿ ಚಾಲಕರ ಕೈಗಳನ್ನು ನನ್ನ ಕೈಗಳಿದ್ದ ಕಡೆಯೇ ಇರಿಸಿದೆ. ಮುಟ್ಟಲು ಹೆದರಿದ್ದವರು ಆಮೇಲೆ ಕದಲಲಿಲ್ಲ.

ಕಾರು ಓಡಿಸುತ್ತಿದ್ದವರ ಮೀನಖಂಡ ಸೀಳಿ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ದೊಡ್ಡವರ ಮೈಯಲ್ಲಿರುವುದೇ ಸುಮಾರು 5 ಲೀಟರ್; ಹಾಗೆ ಹರಿಯಲು ಬಿಟ್ಟರೆ ಕೆಲವೇ ನಿಮಿಷಗಳ ಮಾತು. ಬಟ್ಟೆ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಲಾರಿಯ ಕ್ಲೀನರ್ ಹುಡುಗ ತಂದ ಟವೆಲನ್ನು ಮಡಚಿ ಮೊಣಕಾಲಿಗಿಂತ ಮೇಲೆ ತೊಡೆಗೆ ಸುತ್ತಿ, ಗಂಟಿನ ನಡುವೆ ಲಾರಿಯ ಪಾನಾ ಇಟ್ಟು ತಿರುಗಿಸಿದೆ. ಅವರು ನೋವಿಗೆ ನನ್ನ ಅಂಗಿಯನ್ನು ಹರಿಯುವಂತೆ ಎಳೆದರು. ನೋಡುತ್ತಿದ್ದವರು “ಸಡ್ಲ ಮಾಡ್ರಿ” ಎಂದರು. ಮಾಡಲಿಲ್ಲ, ಮಾಡಬಾರದು. ರಕ್ತ ನಿಂತ ಮೇಲೆ ಪಾನಾ ಕಟ್ಟಿ, ಅವರ ಹಣೆಯ ಮೇಲೆ ಪೆನ್ನಿನಿಂದ 4:20 ಎಂದು ಬರೆದೆ; ಎಷ್ಟು ಹೊತ್ತಿನಿಂದ ಬಿಗಿದಿದೆ ಎಂಬುದು ಆಸ್ಪತ್ರೆಯವರಿಗೆ ತಿಳಿಯಬೇಕು.

ಉಳಿದದ್ದೆಲ್ಲ ತಡೆಯುವ ಕೆಲಸ. ಒಬ್ಬರು ಅಜ್ಜಿಗೆ ನೀರು ಕುಡಿಸಲು ಬಂದರು, ಇನ್ನೊಬ್ಬರು ಬೀಡಿ ಹಚ್ಚಿದರು, ಮತ್ತಿಬ್ಬರು ಎಲ್ಲರನ್ನೂ ಎಳೆದು ತಮ್ಮ ಜೀಪಿಗೆ ಹಾಕೋಣ ಎಂದರು. ಪೆಟ್ರೋಲ್ ಸೋರುತ್ತಿರಲಿಲ್ಲ, ಬೆಂಕಿ ಇರಲಿಲ್ಲ, ಕಾರಿನ ಕೀಲಿ ತೆಗೆದಾಗಿತ್ತು. ಎಳೆಯುವ ಅಗತ್ಯವೇ ಇರಲಿಲ್ಲ. ದನಿ ಏರಿಸಿ ಗದರಬೇಕಾಯಿತು. ಕೈ ಮುರಿದಿದ್ದ ಹೆಂಗಸಿನ ಬೆಲ್ಟ್ ಮಾತ್ರ ಬಿಚ್ಚಿಕೊಳ್ಳದೆ ಎದೆಯನ್ನು ಒತ್ತುತ್ತಿತ್ತು. ಕ್ಲೀನರ್ ಹುಡುಗ ಕ್ಯಾಬಿನ್ನಿನಿಂದ ಉಳ್ಳಾಗಡ್ಡಿ ಹೆಚ್ಚುವ ಚಾಕು ತಂದುಕೊಟ್ಟ, ಅದರಿಂದ ಕತ್ತರಿಸಿದೆ.

ಆಂಬುಲೆನ್ಸ್ ಬಂದಾಗ ಯಾರಿಗೆ ಏನಾಗಿದೆ, ಯಾರನ್ನು ಮೊದಲು ಒಯ್ಯಬೇಕು ಎಂದು ನಾಲ್ಕು ಮಾತಿನಲ್ಲಿ ಒಪ್ಪಿಸಿದೆ. ನಾಲ್ವರೂ ಬದುಕಿದರೆಂದು ಮರುದಿನ ಭಾವನವರು ವಿಚಾರಿಸಿ ತಿಳಿಸಿದರು.

ಮನೆ ತಲುಪಿ ಬಟ್ಟೆ ನೆನೆಹಾಕುವಾಗ ಜೇಬಿನಲ್ಲಿ ಆ ಚಾಕು ಸಿಕ್ಕಿತು. ಹಿಡಿ ಮುರಿದದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದಾನೆ. ಹಿಂದಿರುಗಿಸೋಣವೆಂದರೆ ಆ ಲಾರಿಯ ನಂಬರನ್ನೇ ನಾನು ನೋಡಿಕೊಂಡಿರಲಿಲ್ಲ.