ಅರ್ಧ ಇಂಚು ಕಲಿಸಿದ ಲೆಕ್ಕ

2016ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧವಾಯಿತು. ಆಗ ನಾನು ದಾವಣಗೆರೆಯ ಮನೆಯಲ್ಲಿ, ಕಾಲಲ್ಲಿ ತುಳಿಯುವ ಉಷಾ ಮೆಷಿನ್ನಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದೆ. ಮದುವೆ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಾದರೂ ಏಳುವ ಹಾಗಿರಲಿಲ್ಲ. ಆಷಾಢ ಬಂತೆಂದರೆ ಕೈ ಖಾಲಿ. ಅಷ್ಟರಲ್ಲಿ ದಿನಸಿ ಅಂಗಡಿಯವರೊಬ್ಬರು, 'ಅಕ್ಕಾ, ಐನೂರು ಬಟ್ಟೆ ಚೀಲ ಹೊಲಿದುಕೊಡ್ತೀರಾ?' ಎಂದು ಕೇಳಿದರು. ಬ್ಲೌಸಿಗಿಂತ ಚೀಲ ಸುಲಭ ಅಲ್ವಾ ಅಂದುಕೊಂಡು ಒಪ್ಪಿದೆ.

ಕೋರಾ ಬಟ್ಟೆಯ ಅಗಲ 48 ಇಂಚು. ಚೀಲಕ್ಕೆ ಹೊಲಿಗೆ ಸೇರಿ ಹದಿನಾರೂವರೆ ಇಂಚು ಬೇಕು. ಒಂದು ಅಗಲಕ್ಕೆ ಎರಡೇ ಬಂದವು, 15 ಇಂಚಿನ ಪಟ್ಟಿ ಉಳಿಯಿತು. ಕೆಲಸ ಮುಗಿಯುವ ಹೊತ್ತಿಗೆ ಕೋಣೆಯ ಮೂಲೆಯಲ್ಲಿ ಪಟ್ಟಿಗಳ ರಾಶಿ. ಅಸಲು ಗಿಟ್ಟಿತು, ಕೂಲಿ ಗಿಟ್ಟಲಿಲ್ಲ. ಮುಂದಿನ ಸಲ ಅಗಲದಲ್ಲಿ ಅರ್ಧ ಇಂಚು ಕಡಿಮೆ ಮಾಡೋಣವಾ ಎಂದು ಅವರನ್ನೇ ಕೇಳಿದೆ. ಆಗಲಿ ಎಂದರು. ಹದಿನಾರರ ಹಾಗೆ ಸರಿಯಾಗಿ ಮೂರು ಬಂದವು. ಅವತ್ತಿನಿಂದ ಯಾರೇ ಅಳತೆ ಹೇಳಲಿ, ಮೊದಲು ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತೇನೆ. ರೇಟು ಹೇಳುವುದು ಆಮೇಲೆ.

ಇನ್ನೊಂದು ಪೆಟ್ಟು ಹಿಡಿಕೆಯಿಂದ ಬಿತ್ತು. ನವಾರು ಪಟ್ಟಿಗೆ ಒಂದೇ ಸಾಲು ಹೊಲಿಗೆ ಹಾಕಿದ್ದೆ. ಯಾರೋ ಐದು ಕೆಜಿ ಅಕ್ಕಿ ಹಾಕಿಕೊಂಡು ಹೋಗುವಾಗ ಕಿತ್ತು ಬಂದು, ಅಕ್ಕಿಯೆಲ್ಲ ರಸ್ತೆಗೆ ಚೆಲ್ಲಿತು. ವಾಪಸ್ ಬಂದ ಚೀಲ ನೋಡಿ ಅಳು ಬಂತು. ಹಿಡಿಕೆಯ ತುದಿ ಒಳಗೆ ಮಡಚಿ, ಸುತ್ತ ಚೌಕ ಹೊಲಿದು, ಮಧ್ಯದಲ್ಲಿ ಗುಣಾಕಾರದ ಗುರುತಿನ ಹಾಗೆ ಎರಡು ಅಡ್ಡ ಹೊಲಿಗೆ ಹಾಕಬೇಕು. ಆಗ ಭಾರ ಒಂದೇ ಸಾಲಿನ ಮೇಲೆ ಬೀಳುವುದಿಲ್ಲ. ಒಂದು ಹಿಡಿಕೆಗೆ ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ, ಅದನ್ನೂ ರೇಟಿಗೆ ಸೇರಿಸುತ್ತೇನೆ. ಈಗ ಯಾವ ಹೊಸ ಮಾಲಾದರೂ ಮೊದಲ ಸ್ಯಾಂಪಲ್ಲಿಗೆ ಹತ್ತು ಕೆಜಿ ಅಕ್ಕಿ ತುಂಬಿ, ಒಂದು ರಾತ್ರಿ ಗೋಡೆಯ ಮೊಳೆಗೆ ನೇತುಹಾಕುತ್ತೇನೆ.

ಮನೆ ಮೆಷಿನ್ನಿಗೆ ದಪ್ಪ ಕ್ಯಾನ್ವಾಸ್ ತಡೆಯುವುದಿಲ್ಲ, ಸೂಜಿ ಮುರಿಯುತ್ತಲೇ ಇರುತ್ತದೆ. 2018ರಲ್ಲಿ ಪಿಎಂಇಜಿಪಿ ಸಾಲಕ್ಕೆ, ಅಂದರೆ ಸ್ವಂತ ಉದ್ಯೋಗ ಶುರುಮಾಡುವವರಿಗೆ ಕೇಂದ್ರ ಸರ್ಕಾರದ ಸಬ್ಸಿಡಿ ಸಿಗುವ ಬ್ಯಾಂಕ್ ಸಾಲಕ್ಕೆ, ಅರ್ಜಿ ಹಾಕಿದೆ. ನಗರದ ಹೆಣ್ಣುಮಕ್ಕಳಿಗೆ ಕೈಯಿಂದ ಹಾಕುವುದು ಶೇ 5, ಸಬ್ಸಿಡಿ ಶೇ 25. ಆ ಸಬ್ಸಿಡಿ ನೇರ ಕೈಗೆ ಸಿಗುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಇದು ಗೊತ್ತಿಲ್ಲದೆ ಆ ದುಡ್ಡಲ್ಲಿ ಬಟ್ಟೆ ತರೋಣ ಅಂತ ಲೆಕ್ಕ ಹಾಕಿ ನಾನು ಕಷ್ಟಪಟ್ಟೆ, ನೀವು ಹಾಗೆ ಮಾಡಬೇಡಿ. ಎರಡು ಪವರ್ ಮೆಷಿನ್, ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಒಂದು ಓವರ್‌ಲಾಕ್ ಮೆಷಿನ್ ತಂದೆ. ಮೋಟಾರು ಸರ್ವೋನೇ ಇರಲಿ ಎಂದು ಮೆಕ್ಯಾನಿಕ್ ಹೇಳಿದ್ದು ಒಳ್ಳೆಯದಾಯಿತು. ಹಳೆ ಕ್ಲಚ್ ಮೋಟಾರು ನಾವು ಹೊಲಿಯದಿದ್ದರೂ ಸುಮ್ನೆ ತಿರುಗುತ್ತಿರುತ್ತದೆ. ಸರ್ವೋ ಮೋಟಾರು ತಿರುಗುವುದು ಪೆಡಲ್ ಒತ್ತಿದಾಗ ಮಾತ್ರ.

ಪಕ್ಕದ ಬೀದಿಯ ಇಬ್ಬರು ಅಕ್ಕಂದಿರು ಕೆಲಸಕ್ಕೆ ಬಂದರು. ಮೊದಮೊದಲು ಒಬ್ಬೊಬ್ಬರೂ ಪೂರ್ತಿ ಚೀಲ ಹೊಲಿಯುತ್ತಿದ್ದರು. ಆಮೇಲೆ ಒಬ್ಬರಿಗೆ ಬಾಯಿ ಮಡಿಕೆ ಮತ್ತು ಹಿಡಿಕೆ, ಇನ್ನೊಬ್ಬರಿಗೆ ಪಕ್ಕದ ಹೊಲಿಗೆ, ಕಟಿಂಗ್ ನನಗೆ ಎಂದು ಹಂಚಿಕೊಂಡೆವು. ಕೈ ಕುದುರಿತು, ವಾಪಸ್ ಬರುವ ಮಾಲೂ ಕಡಿಮೆಯಾಯಿತು. ಪೀಸ್ ಲೆಕ್ಕದ ಕೂಲಿ ಶನಿವಾರ ಸಂಜೆಯೇ ಕೊಡುತ್ತೇನೆ, ಆರ್ಡರ್ ಕೊಟ್ಟವರು ದುಡ್ಡು ಕೊಡಲಿ ಬಿಡಲಿ.

ನನಗೆ ತುಂಬ ಇಷ್ಟವಾದ ಕೆಲಸ ಈಗ ಬಂದಿದೆ. ಡೊಳ್ಳು ಕುಣಿತದ ತಂಡವೊಂದಕ್ಕೆ ಹನ್ನೆರಡು ಕವರ್. ಒಂದು ಡೊಳ್ಳಿನ ಸುತ್ತಳತೆ ಇನ್ನೊಂದಕ್ಕಿಲ್ಲ. ಬ್ಲೌಸಿಗೆ ಅಳತೆ ತೆಗೆಯುವ ಹಾಗೆ ಪ್ರತಿಯೊಂದಕ್ಕೂ ಟೇಪು ಸುತ್ತಿ, ನಂಬರ್ ಹಾಕಿ ಬರೆದುಕೊಂಡೆ. ಹೆಗಲ ಪಟ್ಟಿಗೆ ಚೌಕದ ಹೊಲಿಗೆಯನ್ನು ಎರಡೆರಡು ಸಲ ಹಾಕಿದ್ದೇನೆ. ಮೊದಲ ಕವರ್ ಮೊಳೆಯಲ್ಲಿ ನೇತಾಡುತ್ತಿದೆ. ನಾಳೆ ಬೆಳಿಗ್ಗೆ ಇಳಿಸಿ ಪಟ್ಟಿ ನೋಡಬೇಕು.