ಎದೆಬಡಿತ ತಾಳ ತಪ್ಪಿದರೆ: ಮಾತ್ರೆ, ಮೂಲಿಕೆ, ಅಬ್ಲೇಶನ್ ತೂಗಿ ನೋಡುವುದು ಹೇಗೆ?

ಕಳೆದ ವರ್ಷ ನಾಗರಪಂಚಮಿಗೆ ಉಂಡಿ ಕಟ್ಟುತ್ತ ಕೂತಿದ್ದೆ. ಹೊರಗಿನ ಕಟ್ಟೆಯಿಂದ ನಮ್ಮ ಮನೆಯವರು ಕರೆದರು. "ಇಲ್ಲಿ ಬಾ ಸ್ವಲ್ಪ. ಎದಿ ಒಂದ್ ನಮೂನಿ ಬಡ್ಯಾಕತ್ತೈತಿ." ಕೈ ಹಿಡಿದು ನೋಡಿದೆ. ನಾಡಿ ಎರಡು ಸಲ ಜೋರಾಗಿ ಬಡಿಯಿತು, ಆಮೇಲೆ ಖಾಲಿ, ಮತ್ತೆ ನಾಲ್ಕು ಸಲ ಗಡಿಬಿಡಿ. ಬೆಟಗೇರಿಯಿಂದ ಆಟೋದಲ್ಲಿ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿದೆವು. ಏಟ್ರಿಯಲ್ ಫಿಬ್ರಿಲೇಶನ್ ಅಂದರು. ಡಾಕ್ಟರರು ಚಿಕ್ಕದಾಗಿ ಎ-ಫಿಬ್ ಅನ್ನುತ್ತಾರೆ. ಹೃದಯದ ಮೇಲಿನ ಎರಡು ಕೋಣೆಗಳು ಒಟ್ಟಾಗಿ ಕುಗ್ಗುವ ಬದಲು ಸುಮ್ನೆ ಕಂಪಿಸುವ ಸ್ಥಿತಿ ಅದು.

ಒಂದೇ ತಿಂಗಳಲ್ಲಿ ನಮ್ಮ ಮಾಡದ ತುಂಬ ಡಬ್ಬಿಗಳಾದವು. ಅಳಿಯ ಬೆಂಗಳೂರಿನಿಂದ ಮೀನೆಣ್ಣೆ ಕ್ಯಾಪ್ಸೂಲ್ ಕಳಿಸಿದ. ಪಕ್ಕದ ಮನೆ ಅಕ್ಕ ಅರ್ಜುನ ತೊಗಟೆ ಪುಡಿ ತಂದರು. ವಾಕಿಂಗ್ ಗೆಳೆಯರು ಮೆಗ್ನೀಸಿಯಂ ಅಂದರು. ಇನ್ನೊಬ್ಬರು, "ಅಬ್ಲೇಶನ್ ಮಾಡಿಸಿಬಿಡ್ರಿ, ಎಲ್ಲ ಮುಗೀತದ" ಅಂದರು. ಹೃದಯದೊಳಗೆ ತೆಳು ಕೊಳವೆ ಬಿಟ್ಟು ಮಾಡುವ ಚಿಕಿತ್ಸೆ ಅದು. ಎಲ್ಲರದೂ ಕಾಳಜಿಯೇ. ಆದರೆ ಯಾವುದನ್ನು ಮೊದಲು ನೋಡಬೇಕು ಅಂತ ಯಾರೂ ಹೇಳಲಿಲ್ಲ. ಅದನ್ನು ಡಾಕ್ಟರರ ಹತ್ತಿರ ಕೇಳಿ ಕೇಳಿ ಕಲಿತೆ.

ಇಸಿಜಿ ಕಾಗದದಿಂದ ಶುರು ಮಾಡಿ

ಎ-ಫಿಬ್ ಕೆಲವರಿಗೆ ಬಂದು ಹೋಗುತ್ತದೆ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬಡಿತ ಸರಿಯಾಗಿರುತ್ತದೆ. ಹಾಗಾಗಿ ಬಡಿತ ತಪ್ಪಿದಾಗಲೇ ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿ. ಸಿಗದಿದ್ದರೆ 24 ಗಂಟೆ ಎದೆಗೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಇದೆ. ಇಸಿಜಿ ಕಾಗದದ ಫೋಟೋ ಅವತ್ತೇ ತೆಗೆದಿಡಿ. ಆ ಕಾಗದದ ಗೆರೆ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಮನೆಯಲ್ಲಿ ನಾಡಿ ಎಣಿಸುವುದಾದರೆ ಪೂರ್ತಿ ಒಂದು ನಿಮಿಷ ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಿಪಿ ಯಂತ್ರವೂ ಇಂಥ ಬಡಿತದಲ್ಲಿ ಒಂದೊಂದು ಸಲ ಒಂದೊಂದು ತೋರಿಸುತ್ತದೆ. ಮೂರು ಸಲ ನೋಡಿ ಬರೆದಿಡಿ.

ಇದರ ಜೊತೆಗೆ ಎಕೋ (ಹೃದಯದ ಸ್ಕ್ಯಾನ್) ಮತ್ತು ಥೈರಾಯ್ಡ್ ಪರೀಕ್ಷೆ ಆಗಲೇಬೇಕು. ಥೈರಾಯ್ಡ್ ಜಾಸ್ತಿಯಾದರೂ ಬಡಿತ ಹೀಗೆ ತಪ್ಪುತ್ತದೆ. ಆಗ ಮದ್ದು ಬೇಕಾದ್ದು ಮೊದಲು ಥೈರಾಯ್ಡ್‌ಗೆ.

ಮೊದಲ ತೀರ್ಮಾನ ಲಕ್ವಾದ್ದು

ನಾವು ಎಡವಿದ್ದು ಇಲ್ಲಿ. ಬಡಿತ ಸರಿ ಮಾಡುವುದು ಹೇಗೆ ಅಂತಲೇ ಹಗಲು ರಾತ್ರಿ ಯೋಚಿಸಿದೆವು. ಎ-ಫಿಬ್‌ನ ದೊಡ್ಡ ಅಪಾಯ ಇರುವುದು ಬೇರೆ ಕಡೆ. ಮೇಲಿನ ಕೋಣೆ ಸರಿಯಾಗಿ ಕುಗ್ಗದಿದ್ದಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವಾ. ಈ ಅಪಾಯ ಎ-ಫಿಬ್ ಇದ್ದವರಿಗೆ ಇಲ್ಲದವರಿಗಿಂತ ಸುಮಾರು 5 ಪಟ್ಟು. ಎದೆಯಲ್ಲಿ ಏನೂ ಗೊತ್ತಾಗದವರಿಗೂ ಇದು ತಪ್ಪಿದ್ದಲ್ಲ.

ಅದಕ್ಕೆ ಡಾಕ್ಟರರು ಅಂಕ ಹಾಕುತ್ತಾರೆ. ಚಾಡ್ಸ್-ವಾಸ್ಕ್ ಅಂತ ಅದರ ಹೆಸರು. ಬಿಪಿಗೆ 1, ಸಕ್ಕರೆ ಕಾಯಿಲೆಗೆ 1, ಹೃದಯ ದುರ್ಬಲವಾಗಿದ್ದರೆ 1, ರಕ್ತನಾಳದ ಕಾಯಿಲೆಗೆ 1. ವಯಸ್ಸು 65 ದಾಟಿದರೆ 1, 75 ದಾಟಿದರೆ 2. ಮೊದಲೇ ಲಕ್ವಾ ಹೊಡೆದಿದ್ದರೆ 2. ಹೆಂಗಸರಿಗೆ 1 ಅಂಕ ಸೇರಿಸುವ ರೂಢಿ ಇತ್ತು. 2024ರ ಯುರೋಪಿನ ಮಾರ್ಗಸೂಚಿ ಅದನ್ನು ಕೈಬಿಟ್ಟಿದೆ. ನಮ್ಮ ಮನೆಯವರಿಗೆ 66 ವರ್ಷ, ಬಿಪಿ ಇದೆ. ಅಲ್ಲಿಗೆ 2. ರಕ್ತ ತೆಳು ಮಾಡುವ ಮಾತ್ರೆ ಬೇಕೇ ಬೇಕು ಅಂದರು. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಮೈಟ್ರಲ್ ಕವಾಟ ಕಿರಿದಾದವರಿಗೆ ಈ ಅಂಕದ ಲೆಕ್ಕವೇ ಇಲ್ಲ. ಅವರಿಗೆ ರಕ್ತ ತೆಳು ಮಾಡುವ ಹಳೆಯ ಮಾತ್ರೆ ವಾರ್ಫರಿನ್ ಅಥವಾ ಅದೇ ಜಾತಿಯ ಅಸಿಟ್ರೋಮ್ ಕೊಡುತ್ತಾರೆ. ಎಕೋ ಬೇಕು ಅಂದದ್ದು ಇದಕ್ಕೂ ಹೌದು.

"ಆಸ್ಪಿರಿನ್ ಸಾಕಲ್ಲ?" ಅಂತ ನಾನೂ ಕೇಳಿದ್ದೆ. ಸಾಕಾಗುವುದಿಲ್ಲ. 2011ರಲ್ಲಿ ಆಸ್ಪಿರಿನ್ ಮತ್ತು ರಕ್ತ ತೆಳು ಮಾಡುವ ಹೊಸ ಮಾತ್ರೆ ಅಪಿಕ್ಸಬಾನ್ ಹೋಲಿಸಿ ನೋಡಿದ ದೊಡ್ಡ ಪ್ರಯೋಗದಲ್ಲಿ ಅಪಿಕ್ಸಬಾನ್ ತೆಗೆದುಕೊಂಡವರಿಗೆ ಲಕ್ವಾ ಅರ್ಧಕ್ಕಿಂತ ಕಡಿಮೆಯಾಗಿತ್ತು. ದೊಡ್ಡ ರಕ್ತಸ್ರಾವದಲ್ಲಿ ಹೆಚ್ಚಿನ ವ್ಯತ್ಯಾಸ ಇರಲಿಲ್ಲ.

ಡಬ್ಬಿಗಳನ್ನೆಲ್ಲ ಚೀಲಕ್ಕೆ ಹಾಕಿ

ಡಾಕ್ಟರರ ಹತ್ತಿರ ಹೋಗುವಾಗ ಮನೆಯಲ್ಲಿರುವ ಮಾತ್ರೆ, ಪುಡಿ, ಕಷಾಯ ಎಲ್ಲ ಒಂದು ಚೀಲದಲ್ಲಿ ಒಯ್ಯಿರಿ. ಮುಚ್ಚಿಡಬೇಡಿ. ನಾವು ಒಂದನ್ನು ಹೇಳಲಿಲ್ಲ: ಮೊಣಕಾಲು ನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫಿನ್ಯಾಕ್. ರಕ್ತ ತೆಳು ಮಾಡುವ ಮಾತ್ರೆ ಜೊತೆ ಅದನ್ನೂ ನುಂಗಿದರು. ನಾಲ್ಕನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ ನಿಲ್ಲಲೇ ಇಲ್ಲ. ಆ ಬೆಳಗು ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ.

ಈಗ ಒಂದೊಂದೇ ಡಬ್ಬಿ. ಮೀನೆಣ್ಣೆಯನ್ನು ಹೃದಯಕ್ಕೆ ಒಳ್ಳೆಯದು ಅಂತ ಮಾರುತ್ತಾರೆ. ಆದರೆ ದಿನಕ್ಕೆ 4 ಗ್ರಾಂ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಎ-ಫಿಬ್ ಜಾಸ್ತಿಯೇ ಆಯಿತು. ಅದನ್ನು ನಾವು ಬಿಟ್ಟೆವು. ಮೆಗ್ನೀಸಿಯಂ, ಪೊಟ್ಯಾಸಿಯಂ ಕಡಿಮೆಯಾದರೆ ಬಡಿತ ಕೆಡುವುದು ನಿಜ. ಮೂತ್ರ ಹೋಗಲು ಕೊಡುವ ಮಾತ್ರೆಯಿಂದ, ವರ್ಷಗಟ್ಟಲೆ ನುಂಗುವ ಅಸಿಡಿಟಿ ಮಾತ್ರೆಯಿಂದ ಮೆಗ್ನೀಸಿಯಂ ಇಳಿಯಬಹುದು. ರಕ್ತ ಪರೀಕ್ಷೆಯಲ್ಲಿ ಕಡಿಮೆ ಬಂದರೆ ತುಂಬಿಕೊಳ್ಳಬೇಕು. ಸರಿ ಇದ್ದವರು ಸುಮ್ನೆ ನುಂಗಿದರೆ ಎ-ಫಿಬ್ ನಿಲ್ಲುತ್ತದೆ ಅನ್ನಲು ಆಧಾರ ಇಲ್ಲ. ಕಿಡ್ನಿ ದುರ್ಬಲ ಇದ್ದವರಿಗಂತೂ ಅದು ಅಪಾಯ.

ಅರ್ಜುನ ತೊಗಟೆ ತಲೆಮಾರುಗಳಿಂದ ಬಂದ ಮದ್ದು. ನನಗೂ ಅದರ ಮೇಲೆ ಗೌರವ ಇದೆ. ಆದರೆ ರಕ್ತ ತೆಳು ಮಾಡುವ ಮಾತ್ರೆಯ ಜಾಗದಲ್ಲಿ ಅದನ್ನು ಕೂರಿಸಲು ಆಗುವುದಿಲ್ಲ. ಜ್ಯೇಷ್ಠಮಧುವನ್ನು ದಿನಾ ತಿನ್ನುವುದು ಬೇಡ. ಅದು ಪೊಟ್ಯಾಸಿಯಂ ಇಳಿಸಿ ಬಿಪಿ ಏರಿಸುತ್ತದೆ. ಅರಿಶಿನ, ಬೆಳ್ಳುಳ್ಳಿ ಅಡುಗೆಯಲ್ಲಿ ಇರಲಿ. ಅವುಗಳ ಕ್ಯಾಪ್ಸೂಲ್ ಬೇಡ, ರಕ್ತಸ್ರಾವ ಹೆಚ್ಚಿಸಬಹುದು.

ಇನ್ನು ತಪ್ಪಲು ಪಲ್ಯ. ವಾರ್ಫರಿನ್, ಅಸಿಟ್ರೋಮ್ ತೆಗೆದುಕೊಳ್ಳುವವರು ಮೆಂತ್ಯೆ, ಪುಂಡಿ, ರಾಜಗಿರಿ ಎಲ್ಲ ಬಿಟ್ಟುಬಿಡುತ್ತಾರೆ. ರೊಟ್ಟಿ ಜೊತೆ ಹಸಿ ತಪ್ಪಲು ಇಲ್ಲದ ಊಟ ನಮ್ಮ ಕಡೆ ಊಟವೇ ಅಲ್ಲ, ಅಲ್ವಾ? ಬಿಡಬೇಕಿಲ್ಲ. ಅದರಲ್ಲಿರುವ ವಿಟಮಿನ್ ಕೆ ಮಾತ್ರೆಯ ಕೆಲಸ ತಗ್ಗಿಸುತ್ತದೆ, ಅಷ್ಟೇ. ವಾರವೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನಿ, ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ ಪರೀಕ್ಷೆ ತಪ್ಪಿಸಬೇಡಿ. ಹೆಚ್ಚಿನವರಿಗೆ ಅದು 2ರಿಂದ 3ರ ನಡುವೆ ಇರಬೇಕು. ಅಪಿಕ್ಸಬಾನ್‌ನಂಥ ಹೊಸ ಮಾತ್ರೆಗಳಿಗೆ ಈ ಪಲ್ಯದ ಲೆಕ್ಕ ಇಲ್ಲ. ಆದರೆ ಅಪಿಕ್ಸಬಾನ್ ದಿನಕ್ಕೆರಡು ಸಲ ಮರೆಯದೆ ನುಂಗಬೇಕು. ಇನ್ನೊಂದು ಹೊಸ ಮಾತ್ರೆ ರಿವರಾಕ್ಸಬಾನ್, 15 ಅಥವಾ 20 ಮಿಲಿಗ್ರಾಂ ಆದರೆ ಊಟದ ಜೊತೆಗೇ.

ಬಡಿತದ ಮಾತು ಆಮೇಲೆ

ಇಲ್ಲಿ ದಾರಿ ಎರಡು. ಒಂದು, ವೇಗ ಮಾತ್ರ ತಗ್ಗಿಸುವುದು. ಮೆಟೊಪ್ರೊಲಾಲ್‌ನಂಥ ಮಾತ್ರೆ ಆ ಕೆಲಸ ಮಾಡುತ್ತದೆ. ಎರಡು, ತಾಳವನ್ನೇ ಸರಿಗೆ ತರುವುದು. ಅದಕ್ಕೆ ಮಾತ್ರೆ ಇದೆ, ಸ್ವಲ್ಪ ಹೊತ್ತು ಮಂಪರು ಕೊಟ್ಟು ಮಾಡುವ ವಿದ್ಯುತ್ ಶಾಕ್ ಇದೆ, ಅಬ್ಲೇಶನ್ ಇದೆ. ಬಡಿತ ತಪ್ಪಿ 48 ಗಂಟೆ ಕಳೆದಿದ್ದರೆ ಶಾಕ್‌ಗೆ ಮೊದಲು ಸಾಮಾನ್ಯವಾಗಿ 3 ವಾರ ರಕ್ತ ತೆಳು ಮಾಡುವ ಮಾತ್ರೆ ಕೊಡುತ್ತಾರೆ. ಆಮೇಲೂ ಕನಿಷ್ಠ 4 ವಾರ. ತಾಳ ಸರಿ ಮಾಡಲು ಅಮಿಯೊಡರಾನ್ ಮಾತ್ರೆ ಕೊಟ್ಟರೆ ಥೈರಾಯ್ಡ್, ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು. ಅದು ಶ್ವಾಸಕೋಶಕ್ಕೂ ತೊಂದರೆ ಕೊಡಬಹುದು.

ಅಬ್ಲೇಶನ್ ಅಂದರೆ ತೊಡೆಸಂದಿನ ರಕ್ತನಾಳದಿಂದ ತೆಳು ಕೊಳವೆ ಒಳಗೆ ಬಿಡುತ್ತಾರೆ. ಶ್ವಾಸಕೋಶದಿಂದ ಹೃದಯಕ್ಕೆ ಬರುವ ನಾಳಗಳ ಬಾಯಿಯ ಸುತ್ತ ಸುಡುತ್ತಾರೆ ಅಥವಾ ಅತಿ ತಂಪು ಕೊಟ್ಟು ಮರಗಟ್ಟಿಸುತ್ತಾರೆ. ತಪ್ಪು ಸಂಕೇತ ಹೆಚ್ಚಾಗಿ ಹುಟ್ಟುವುದು ಅಲ್ಲೇ. 1998ರಲ್ಲಿ ಫ್ರಾನ್ಸಿನ ಬೋರ್ಡೋದ ವೈದ್ಯರು ಇದನ್ನು ತೋರಿಸಿಕೊಟ್ಟರು. ಸುಮಾರು 2,200 ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಬ್ಲೇಶನ್‌ನಿಂದ ಆಯುಷ್ಯ ಹೆಚ್ಚಿತು ಅಂತ ಸಾಬೀತಾಗಲಿಲ್ಲ. ಆದರೆ ದಿನದ ಬದುಕು ಹಗುರಾಯಿತು. 2020ರ ಇನ್ನೊಂದು ಪ್ರಯೋಗ ಹೇಳಿದ್ದು, ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ತಾಳ ಸರಿಪಡಿಸಲು ಹೊರಟರೆ ಲಾಭ ಇದೆ ಅಂತ. ಹಾಗಾಗಿ ಅವಸರವೂ ಬೇಡ, ವರ್ಷಗಟ್ಟಲೆ ಮುಂದೂಡುವುದೂ ಬೇಡ.

ಇದನ್ನು ಮಾಡುವವರು ಎಲೆಕ್ಟ್ರೋಫಿಸಿಯಾಲಜಿಸ್ಟ್. ಸ್ಟೆಂಟ್ ಹಾಕುವ ಎಲ್ಲ ಹೃದಯ ತಜ್ಞರೂ ಇದನ್ನು ಮಾಡುವುದಿಲ್ಲ. ಗದಗ, ಹಾವೇರಿಯವರು ಹುಬ್ಬಳ್ಳಿ-ಧಾರವಾಡದ ಹೃದಯ ತಜ್ಞರನ್ನು ನೋಡಿ, ಅಲ್ಲಿಂದ ಯಾರ ಹತ್ತಿರ ಹೋಗಬೇಕು ಅಂತ ಕೇಳಿ. ವರ್ಷಕ್ಕೆ ಎಷ್ಟು ಮಾಡುತ್ತೀರಿ? ಹೃದಯದ ಸುತ್ತ ರಕ್ತ ತುಂಬುವಂಥ ತೊಂದರೆ ಎಷ್ಟು ಜನಕ್ಕೆ ಆಗಿದೆ? ಎರಡನೇ ಸಲ ಬೇಕಾದರೆ ಖರ್ಚೆಷ್ಟು? ಇವನ್ನು ಕೇಳಲು ಸಂಕೋಚ ಬೇಡ. ಖರ್ಚು ಲಕ್ಷಗಟ್ಟಲೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಯಾವುದು ಸಿಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಅಬ್ಲೇಶನ್ ಆದ ಮೊದಲ ಎರಡು ಮೂರು ತಿಂಗಳು ಬಡಿತ ಮತ್ತೆ ತಪ್ಪಬಹುದು. ಅಷ್ಟಕ್ಕೇ ಸೋತಿತು ಅಂದುಕೊಳ್ಳಬೇಡಿ. ಬಡಿತ ಸರಿಯಾದರೂ ರಕ್ತ ತೆಳು ಮಾಡುವ ಮಾತ್ರೆ ನಿಲ್ಲಿಸಬೇಕೋ ಬೇಡವೋ ಅನ್ನುವುದು ಆ ಅಂಕದ ಮೇಲೆಯೇ.

ದಾರಿ ಯಾವುದಾದರೂ ಸರಿ, ಮನೆಯ ಕೆಲಸ ತಪ್ಪುವುದಿಲ್ಲ. ಬಿಪಿ ಹಿಡಿತದಲ್ಲಿಡಿ. ಕುಡಿತ ಬಿಡಿ. ತೂಕ ಜಾಸ್ತಿ ಇದ್ದವರು ಶೇ 10ರಷ್ಟು ಇಳಿಸಿದರೂ ಬಡಿತ ತಪ್ಪುವುದು ಕಡಿಮೆಯಾಗುತ್ತದೆ. ಜೋರು ಗೊರಕೆ ಇದ್ದರೆ, ನಿದ್ದೆಯಲ್ಲಿ ಉಸಿರು ನಿಂತು ಹೋಗುತ್ತಿದ್ದರೆ ಅದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವ ನಾವೇ. ಮಲಗಿದವರಿಗೆ ಅದು ಗೊತ್ತಾಗುವುದಿಲ್ಲ. ನಾನು ಮೂರು ರಾತ್ರಿ ಎದ್ದು ಕೂತು ನೋಡಿ ಹೇಳಿದ ಮೇಲೆಯೇ ಇವರ ನಿದ್ದೆಯ ಪರೀಕ್ಷೆ ಆಯಿತು. ತೊಂದರೆ ಇತ್ತು. ಈಗ ಅದಕ್ಕೆ ಚಿಕಿತ್ಸೆ ನಡೆದಿದೆ, ತಿಂಗಳಿಗೆ ನಾಲ್ಕೈದು ಸಲ ತಪ್ಪುತ್ತಿದ್ದ ಬಡಿತ ಈಗ ಒಂದು ಸಲ. ಅಬ್ಲೇಶನ್ ಬಗ್ಗೆ ದೀಪಾವಳಿಯೊಳಗೆ ತಾವೇ ತೀರ್ಮಾನ ಮಾಡುತ್ತೇನೆ ಅಂದಿದ್ದಾರೆ. ಮೈ ಅವರದು, ನಾನು ಒತ್ತಾಯ ಮಾಡಿಲ್ಲ.

ನಮ್ಮ ಫ್ರಿಜ್ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಬಾಯಿ ಸೊಟ್ಟಗಾದರೆ, ಒಂದು ಕೈ ಮೇಲೆ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಎಚ್ಚರ ತಪ್ಪಿದರೆ, ಎದೆ ನೋವು ಅಥವಾ ಉಸಿರು ಕಟ್ಟಿದರೆ 108ಕ್ಕೆ ಫೋನ್. ಕಾಯಬಾರದು. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಿಗುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಚೀಟಿಯ ಕೆಳಗೆ ರಕ್ತ ತೆಳು ಮಾಡುವ ಮಾತ್ರೆಯ ಹೆಸರು ಇದೆ. ಪಕ್ಕದಲ್ಲಿ ಅವತ್ತು ಅದನ್ನು ನುಂಗಿದ ಹೊತ್ತನ್ನು ಪೆನ್ಸಿಲ್‌ನಿಂದ ದಿನಾ ಬರೆಯುತ್ತೇನೆ. ಆ ಇಂಜೆಕ್ಷನ್ ಕೊಡುವ ಮೊದಲು ಡಾಕ್ಟರರು ಅದನ್ನೇ ಕೇಳುತ್ತಾರೆ.