ಎರಡು ಕ್ಲಾಸು, ಒಂದು ಕತ್ತಿ: ಮಲ್ಟಿಕ್ಲಾಸ್ ಪಾತ್ರದ ಅಟ್ಯಾಕ್ ಬೋನಸ್ ಕೂಡಿಸುವ ಬಗೆ

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಹರಡಿಕೊಂಡು ಕೂತಿದ್ದಾಗ, ಅಕ್ಕನ ಮಗ ತನ್ನ ಕ್ಯಾರೆಕ್ಟರ್ ಶೀಟನ್ನು, ಅಂದರೆ ಪಾತ್ರದ ವಿವರ ಬರೆದಿಟ್ಟ ಹಾಳೆಯನ್ನು, ನನ್ನ ಮುಂದಕ್ಕೆ ತಳ್ಳಿದ. ಅಟ್ಯಾಕ್ ಬೋನಸ್ಸಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕಾಗದ ಹಿಂದಿನ ಬೆಳಕು ಕಾಣುವಷ್ಟು ತೆಳ್ಳಗಾಗಿತ್ತು. "ಮಾಮ, ಅವನದೂ ಒಂಬತ್ತನೇ ಲೆವೆಲ್ಲು, ನಂದೂ ಒಂಬತ್ತೇ. ಅವನಿಗೆ ಎರಡು ಅಟ್ಯಾಕು, ನಂಗೆ ಒಂದೇನಾ?" ಎಂದು ಎದುರು ಕೂತಿದ್ದ ಗೆಳೆಯನ ಕಡೆ ಕೈ ತೋರಿಸಿದ. ಈ ಆಟದಲ್ಲಿ ಪಾತ್ರದ ಕಸುಬಿಗೆ ಕ್ಲಾಸು, ಅದರಲ್ಲಿ ಏರಿದ ಹಂತಕ್ಕೆ ಲೆವೆಲ್ ಎನ್ನುತ್ತಾರೆ. ಗೆಳೆಯನ ಪಾತ್ರ ಒಂಬತ್ತೂ ಲೆವೆಲ್ ಫೈಟರ್, ಅಂದರೆ ಯೋಧ. ಇವನ ಪಾತ್ರಕ್ಕೆ ಬೆಟ್ಟಯ್ಯ ಎಂದು ಹೆಸರು. ಐದು ಲೆವೆಲ್ ಫೈಟರ್, ನಾಲ್ಕು ಲೆವೆಲ್ ರೋಗ್, ಅಂದರೆ ಕಳ್ಳಹೆಜ್ಜೆಯ ಚತುರ. ಹೀಗೆ ಒಂದಕ್ಕಿಂತ ಹೆಚ್ಚು ಕ್ಲಾಸು ಇರುವ ಪಾತ್ರವೇ ಮಲ್ಟಿಕ್ಲಾಸ್. ನಿಯಮಪುಸ್ತಕದ ಫೈಟರ್ ಪಟ್ಟಿಯ ಐದನೆಯ ಸಾಲಿನಲ್ಲಿ ಒಂದೇ ಸಂಖ್ಯೆ ಇತ್ತು, ರೋಗ್ ಪಟ್ಟಿಯ ನಾಲ್ಕನೆಯ ಸಾಲಿನಲ್ಲಿಯೂ ಒಂದೇ ಸಂಖ್ಯೆ ಇತ್ತು. ಹಾಗಾಗಿ ತನಗೆ ಒಂದೇ ಅಟ್ಯಾಕ್ ಎಂದು ಹುಡುಗ ತೀರ್ಮಾನಿಸಿಬಿಟ್ಟಿದ್ದ. ಅವನಿಗೂ ಎರಡು ಅಟ್ಯಾಕ್ ಇದ್ದವು. ಅವು ಎಲ್ಲಿಂದ ಬರುತ್ತವೆ ಎಂಬುದನ್ನು ಆ ದಿನ ಅವನಿಗೆ ಹೇಳಿಕೊಟ್ಟ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಯಾವ ಆವೃತ್ತಿ ಆಡುತ್ತಿದ್ದೀರಿ ಎಂಬುದನ್ನು ಖಚಿತ ಮಾಡಿಕೊಳ್ಳಬೇಕು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಪ್ರಕಟವಾದಂದಿನಿಂದ ಅದರ ನಿಯಮಗಳು ಹಲವು ಬಾರಿ ಬದಲಾಗಿವೆ. ನಾನು ಇಲ್ಲಿ ವಿವರಿಸುತ್ತಿರುವುದು 2000ದಲ್ಲಿ ಬಂದ ಮೂರನೆಯ ಆವೃತ್ತಿ, 2003ರ 3.5 ಪರಿಷ್ಕರಣೆ ಹಾಗೂ ಅವುಗಳ ಬುಡದಿಂದಲೇ ಚಿಗುರಿದ 2009ರ ಪಾತ್‌ಫೈಂಡರ್, ಇವುಗಳಲ್ಲಿರುವ ಲೆಕ್ಕವನ್ನು. ಐದನೆಯ ಆವೃತ್ತಿಯ ಲೆಕ್ಕ ಬೇರೆ, ಅದು ಕೊನೆಯಲ್ಲಿದೆ.

ಚೌಕಾಬಾರದಲ್ಲಿ ಕವಡೆ ಹೇಳಿದಷ್ಟೇ ನಡೆ. ಈ ಆಟದಲ್ಲಿ ಹಾಗಲ್ಲ. ಇಪ್ಪತ್ತು ಮುಖದ ದಾಳ ಉರುಳಿಸಿ, ಬಿದ್ದ ಸಂಖ್ಯೆಗೆ ನಿಮ್ಮ ಪಾತ್ರದ ಅಟ್ಯಾಕ್ ಬೋನಸ್ಸನ್ನು ಕೂಡಿಸಿ, ಬಂದ ಮೊತ್ತವು ಎದುರಾಳಿಯ ರಕ್ಷಣೆಯ ಅಂಕೆಯಾದ ಆರ್ಮರ್ ಕ್ಲಾಸಿಗೆ ಸಮನಾಗಿದ್ದರೆ ಅಥವಾ ಅದನ್ನು ಮೀರಿದರೆ ಏಟು ಬಿತ್ತು ಎಂದರ್ಥ. ದಾಳದಲ್ಲಿ ನೇರವಾಗಿ 20 ಬಿದ್ದರೆ ಏಟು ತಪ್ಪುವುದಿಲ್ಲ, 1 ಬಿದ್ದರೆ ಏಟು ತಗಲುವುದಿಲ್ಲ. ಉಳಿದ ಹದಿನೆಂಟು ಸಂಖ್ಯೆಗಳಲ್ಲಿ ಬೋನಸ್ಸಿನ ಮಾತೇ ನಡೆಯುತ್ತದೆ. ಆದ್ದರಿಂದ ಶೀಟಿನಲ್ಲಿ ಒಂದು ಅಂಕೆ ತಪ್ಪಿದರೆ ಆ ತಪ್ಪು ಇಡೀ ಸಂಜೆ ನಿಮ್ಮ ಜೊತೆಗೇ ಇರುತ್ತದೆ.

ಒಂದೊಂದು ಕ್ಲಾಸಿನ ಪಾಲು

ಬೋನಸ್ಸಿನ ತಳಪಾಯವನ್ನು ಬೇಸ್ ಅಟ್ಯಾಕ್ ಬೋನಸ್ ಎನ್ನುತ್ತಾರೆ. ಆಡುವವರ ಬಾಯಲ್ಲಿ ಬಿಎಬಿ. ಇದು ಬೆಳೆಯುವ ವೇಗ ಮೂರು ಬಗೆ. ಫೈಟರ್, ಬಾರ್ಬೇರಿಯನ್, ಪ್ಯಾಲಡಿನ್, ರೇಂಜರ್ ಇವರಿಗೆ ಪ್ರತಿ ಲೆವೆಲ್ಲಿಗೆ ಒಂದು ಪೂರ್ಣಾಂಕ. ರೋಗ್, ಕ್ಲೆರಿಕ್, ಡ್ರೂಯಿಡ್, ಬಾರ್ಡ್, ಮಾಂಕ್ ಇವರಿಗೆ ಲೆವೆಲ್ಲಿಗೆ ಮುಕ್ಕಾಲು. ವಿಝರ್ಡ್ ಮತ್ತು ಸಾರ್ಸರರ್‌ಗೆ ಅರ್ಧ. ಭಿನ್ನರಾಶಿ ಬಂದರೆ ಕೆಳಗಿನ ಪೂರ್ಣಾಂಕಕ್ಕೆ ಇಳಿಸಬೇಕು. ಪುಸ್ತಕದ ಪಟ್ಟಿಗಳಲ್ಲಿ ಹೀಗೆ ಇಳಿಸಿದ ಅಂಕೆಗಳೇ ಅಚ್ಚಾಗಿರುವುದರಿಂದ ಒಂದೇ ಕ್ಲಾಸಿನ ಆಟಗಾರನಿಗೆ ಮುಕ್ಕಾಲು, ಅರ್ಧ ಎಂಬ ಮಾತು ಕಿವಿಗೆ ಬೀಳುವುದೇ ಇಲ್ಲ.

ಮಲ್ಟಿಕ್ಲಾಸ್ ಪಾತ್ರವಾದರೆ ಪ್ರತಿ ಕ್ಲಾಸಿನ ಪಟ್ಟಿಯನ್ನೂ ಪ್ರತ್ಯೇಕವಾಗಿ ನೋಡಬೇಕು. ನೋಡುವಾಗ ಪಾತ್ರದ ಒಟ್ಟು ಲೆವೆಲ್ಲನ್ನು ಮರೆತುಬಿಡಬೇಕು. ಆ ಕ್ಲಾಸಿನಲ್ಲಿ ಎಷ್ಟು ಲೆವೆಲ್ ಇದೆಯೋ ಅಷ್ಟನೆಯ ಸಾಲನ್ನು ಮಾತ್ರ ಓದಬೇಕು. ಬೆಟ್ಟಯ್ಯನಿಗೆ ಫೈಟರ್ ಐದರಿಂದ +5, ರೋಗ್ ನಾಲ್ಕರಿಂದ +3. ಎರಡನ್ನೂ ಕೂಡಿಸಿದರೆ ಬಿಎಬಿ +8.

ಅಟ್ಯಾಕ್‌ಗಳನ್ನು ಕೂಡಿಸಬೇಡಿ

ಇಲ್ಲಿಯೇ ಹೆಚ್ಚಿನವರು ಎಡವುವುದು. ಬಿಎಬಿ +6 ಮುಟ್ಟಿದಾಗ ಎರಡನೆಯ ಅಟ್ಯಾಕ್, +11 ಮುಟ್ಟಿದಾಗ ಮೂರನೆಯದು, +16 ಮುಟ್ಟಿದಾಗ ನಾಲ್ಕನೆಯದು ದೊರೆಯುತ್ತದೆ. ಪ್ರತಿಯೊಂದೂ ಹಿಂದಿನದಕ್ಕಿಂತ ಐದು ಕಡಿಮೆ. ಈ ಮೆಟ್ಟಿಲುಗಳನ್ನು ಲೆಕ್ಕ ಹಾಕಬೇಕಾದದ್ದು ಎಲ್ಲ ಕ್ಲಾಸುಗಳನ್ನು ಕೂಡಿಸಿದ ಮೇಲೆ, ಬಂದ ಮೊತ್ತದ ಮೇಲೆ ಮಾತ್ರ. ಬೆಟ್ಟಯ್ಯನ ಎರಡು ಪಟ್ಟಿಗಳಲ್ಲಿಯೂ ಎರಡನೆಯ ಅಟ್ಯಾಕ್ ಕಾಣಿಸದಿದ್ದರೂ ಮೊತ್ತ +8 ಆಗಿರುವುದರಿಂದ, ಅದು ಆರನ್ನು ದಾಟಿರುವುದರಿಂದ, ಅವನ ಶೀಟಿನಲ್ಲಿ +8/+3 ಎಂದು ಬರೆಯಬೇಕು. ಹುಡುಗ ಹುಡುಕುತ್ತಿದ್ದ ಎರಡನೆಯ ಅಟ್ಯಾಕ್ ಎರಡು ಪಟ್ಟಿಗಳ ಯಾವ ಸಾಲಿನಲ್ಲಿಯೂ ಇರಲಿಲ್ಲ. ಕೂಡಿದಾಗ ಮಾತ್ರ ಹುಟ್ಟುವ ಅಟ್ಯಾಕ್ ಅದು.

ಇದರ ತಿರುವುಮುರುವಾದ ತಪ್ಪನ್ನು ನಾನೇ ಮಾಡಿದ್ದೇನೆ. ಆಟ ನಡೆಸಲು ಶುರುಮಾಡಿದ ಹೊಸದರಲ್ಲಿ ಫೈಟರ್ ಆರು, ರೋಗ್ ಎಂಟು ಇರುವ ಒಬ್ಬ ಖಳನನ್ನು ಸಿದ್ಧಪಡಿಸಿಕೊಂಡಿದ್ದೆ. ಎರಡೂ ಪಟ್ಟಿಗಳಲ್ಲಿ +6/+1 ಎಂದಿತ್ತು. ನಾನು ಎಡದ ಅಂಕೆಗೆ ಎಡದ್ದು, ಬಲದ ಅಂಕೆಗೆ ಬಲದ್ದು ಸೇರಿಸಿ +12/+2 ಎಂದು ಬರೆದುಕೊಂಡು ಮೂರು ಭಾನುವಾರ ಆಡಿಸಿದೆ. ಹನ್ನೆರಡಕ್ಕೂ ಎರಡಕ್ಕೂ ನಡುವೆ ಹತ್ತರ ಅಂತರ ಇರುವುದೇ ತಪ್ಪಿನ ಗುರುತು ಎಂದು ಆಗ ಹೊಳೆಯಲಿಲ್ಲ. ಸರಿಯಾದದ್ದು +12/+7/+2. ಮೂರು ವಾರ ಆ ಖಳ ಪ್ರತಿ ಸುತ್ತಿನಲ್ಲಿ ಒಂದು ಏಟು ಕಡಿಮೆ ಹೊಡೆದ, ನಮ್ಮ ಹುಡುಗರು ತಮ್ಮ ಶೌರ್ಯದಿಂದಲೇ ಬದುಕಿ ಉಳಿದೆವೆಂದು ಇಂದಿಗೂ ನಂಬಿದ್ದಾರೆ. ನಿಮ್ಮ ಶೀಟಿನಲ್ಲಿ ಒಂದು ಅಟ್ಯಾಕಿಗೂ ಮುಂದಿನದಕ್ಕೂ ಐದಕ್ಕಿಂತ ಹೆಚ್ಚು ಅಥವಾ ಕಡಿಮೆ ಅಂತರವಿದ್ದರೆ, ಲೆಕ್ಕವನ್ನು ಮೊದಲಿನಿಂದ ಹಾಕುವುದು ಒಳ್ಳೆಯದು.

ಇನ್ನೊಂದು ಮಾತನ್ನು ಗಮನದಲ್ಲಿಡಬೇಕು. ಎರಡನೆಯ, ಮೂರನೆಯ ಅಟ್ಯಾಕ್ ಬಳಸಬೇಕಾದರೆ ಆ ಸುತ್ತಿನ ಪೂರ್ತಿ ಸಮಯವನ್ನು ಹೊಡೆತಕ್ಕೇ ಕೊಡಬೇಕು. ಐದು ಅಡಿಯ ಒಂದು ಹೆಜ್ಜೆಯ ಹೊರತು ಜಾಗ ಬದಲಿಸುವಂತಿಲ್ಲ. ಓಡಿಹೋಗಿ ಹೊಡೆದರೆ ಸಿಗುವುದು ಒಂದೇ ಏಟು.

ಉಳಿದ ಬೋನಸ್ಸುಗಳನ್ನು ಸೇರಿಸುವುದು

ಮೆಟ್ಟಿಲುಗಳು ತೀರ್ಮಾನವಾದ ಮೇಲೆ ಉಳಿದ ಬೋನಸ್ಸುಗಳನ್ನು ಪ್ರತಿ ಅಟ್ಯಾಕಿಗೂ ಸಮನಾಗಿ ಸೇರಿಸಬೇಕು. ಈ ಕ್ರಮ ಹಿಂದುಮುಂದಾಗಬಾರದು. ಬಿಎಬಿ +5 ಇರುವವನು ತೋಳ್ಬಲದ +3 ಸೇರಿಸಿ "ನನಗೆ ಎಂಟಾಯಿತು, ಎರಡನೆಯ ಅಟ್ಯಾಕ್ ಕೊಡಿ" ಎಂದು ಕೇಳುವಂತಿಲ್ಲ; ಹೊಸ ಅಟ್ಯಾಕ್ ಕೊಡುವ ಅಧಿಕಾರ ಬಿಎಬಿಗೆ ಮಾತ್ರ.

ಬೆಟ್ಟಯ್ಯನ ಸ್ಟ್ರೆಂಗ್ತ್, ಅಂದರೆ ತೋಳ್ಬಲ, 16, ಅದರಿಂದ +3. ಕೈಯಲ್ಲಿರುವ ಮಂತ್ರದ ಕತ್ತಿಯಿಂದ +1. ವೆಪನ್ ಫೋಕಸ್ ಎಂಬ ಫೀಟ್, ಅಂದರೆ ಪಾತ್ರಕ್ಕೆ ಆರಿಸಿಕೊಂಡ ವಿಶೇಷ ಕುಶಲತೆಯಿಂದ +1. ಒಟ್ಟು ಐದು, ಆದ್ದರಿಂದ +8/+3 ಎಂಬುದು +13/+8 ಆಗುತ್ತದೆ. ಶತ್ರುವಿನ ಎದುರು ಬದಿಯಲ್ಲಿ ಗೆಳೆಯ ನಿಂತು ಇಬ್ಬರೂ ಸೇರಿ ಅವನನ್ನು ನಡುವೆ ಸಿಕ್ಕಿಸಿಕೊಂಡರೆ ಮತ್ತೆ +2 ಸಿಗುತ್ತದೆ. ಆದರೆ ಅದನ್ನು ಶೀಟಿನಲ್ಲಿ ಬರೆಯದೆ ಆಟದ ಹೊತ್ತಿಗೆ ಬಾಯಲ್ಲಿಯೇ ಕೂಡಿಸಿಕೊಳ್ಳುವುದು ಮೇಲು, ಏಕೆಂದರೆ ನಿಂತ ಜಾಗ ತಪ್ಪಿದೊಡನೆ ಅದು ಹೋಗುತ್ತದೆ.

ಕ್ಲಾಸುಗಳಿಂದ ಬಂದ ಬಿಎಬಿ ಯಾವ ತಕರಾರೂ ಇಲ್ಲದೆ ಒಂದಕ್ಕೊಂದು ಕೂಡುತ್ತದೆ. ಈ ಹೊರಗಿನ ಬೋನಸ್ಸುಗಳ ಸ್ವಭಾವ ಹಾಗಲ್ಲ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದೊಂದು ಜಾತಿಯ ಹೆಸರಿದೆ. ಒಂದೇ ಜಾತಿಯ ಎರಡು ಬೋನಸ್ಸುಗಳು ಒಟ್ಟಿಗೆ ಬಂದರೆ ದೊಡ್ಡದು ಮಾತ್ರ ಲೆಕ್ಕಕ್ಕೆ ಬರುತ್ತದೆ. ನುರಿತ ಕಮ್ಮಾರ ಮಾಡಿದ ಮಾಸ್ಟರ್‌ವರ್ಕ್ ಕತ್ತಿಗೆ ಅಟ್ಯಾಕಿನಲ್ಲಿ +1 ಎನ್ಹ್ಯಾನ್ಸ್‌ಮೆಂಟ್ ಬೋನಸ್ ಇರುತ್ತದೆ. ಅದೇ ಕತ್ತಿಗೆ ಮಂತ್ರದ +1 ಹಾಕಿಸಿದರೆ ಅದೂ ಎನ್ಹ್ಯಾನ್ಸ್‌ಮೆಂಟೇ ಆದ್ದರಿಂದ ಎರಡಾಗುವುದಿಲ್ಲ, ಒಂದೇ ಉಳಿಯುತ್ತದೆ. 3.5ರಲ್ಲಿ ಕ್ಲೆರಿಕ್ ಹಾಕುವ ಬ್ಲೆಸ್ ಮಂತ್ರವೂ ಬಾರ್ಡ್ ಹಾಡಿ ಹುರಿದುಂಬಿಸುವುದರಿಂದ ಬರುವ ಬೋನಸ್ಸೂ ಎರಡೂ ಮೊರಾಲ್ ಜಾತಿಗೆ ಸೇರಿವೆ. ಇಬ್ಬರೂ ಪಕ್ಕದಲ್ಲಿ ನಿಂತು ಗಂಟಲು ಹರಿದುಕೊಂಡರೂ ಬೆಟ್ಟಯ್ಯನ ಅಟ್ಯಾಕಿಗೆ ಸಿಗುವುದು ಒಂದೇ ಪಾಲು. ಪಾತ್‌ಫೈಂಡರ್‌ನಲ್ಲಿ ಬಾರ್ಡ್ ಕೊಡುವ ಅಟ್ಯಾಕ್ ಬೋನಸ್ಸನ್ನು ಕಾಂಪಿಟೆನ್ಸ್ ಎಂಬ ಬೇರೆ ಜಾತಿಗೆ ವರ್ಗಾಯಿಸಿದ್ದಾರೆ, ಹಾಗಾಗಿ ಅಲ್ಲಿ ಎರಡೂ ಕೂಡುತ್ತವೆ. ಎರಡು ಪುಸ್ತಕಗಳನ್ನು ಬೆರೆಸಿ ಆಡುವ ಗುಂಪುಗಳಲ್ಲಿ ಜಗಳವಾಗುವುದು ಹೆಚ್ಚಾಗಿ ಇಂಥ ಕಡೆಯೇ. ಏಟು ತಪ್ಪಿಸಿಕೊಳ್ಳಲು ನೆರವಾಗುವ ಡಾಡ್ಜ್ ಬೋನಸ್ಸುಗಳು ಈ ನಿಯಮಕ್ಕೆ ಹೊರತು, ಅವು ಎಷ್ಟಿದ್ದರೂ ಕೂಡುತ್ತವೆ. ಆದರೆ ಅವು ಆರ್ಮರ್ ಕ್ಲಾಸಿನ ವಿಷಯ, ಅಟ್ಯಾಕಿನದಲ್ಲ.

ಚಿಲ್ಲರೆ ಎಲ್ಲಿ ಹೋಗುತ್ತದೆ

ಪ್ರತಿ ಕ್ಲಾಸಿನ ಭಿನ್ನರಾಶಿಯನ್ನು ಪ್ರತ್ಯೇಕವಾಗಿ ಕೆಳಗಿಳಿಸುವುದರಿಂದ, ಕ್ಲಾಸು ಹೆಚ್ಚಿದಷ್ಟೂ ಪಾತ್ರ ನಷ್ಟ ಅನುಭವಿಸುತ್ತದೆ. ದೇವರಾಜ ಮಾರ್ಕೆಟ್ಟಿನ ಮೂರು ಅಂಗಡಿಗಳಲ್ಲಿ ಮೂರು ಸಲ ಚಿಲ್ಲರೆ ಬಿಟ್ಟು ಬಂದಂತೆ. ರೋಗ್ ಒಂದು, ಕ್ಲೆರಿಕ್ ಒಂದು, ವಿಝರ್ಡ್ ಒಂದು ತೆಗೆದುಕೊಂಡ ಮೂರನೆಯ ಲೆವೆಲ್ಲಿನ ಪಾತ್ರವನ್ನು ನೋಡಿ: ಮುಕ್ಕಾಲು, ಮುಕ್ಕಾಲು, ಅರ್ಧ. ಮೂರೂ ಸೊನ್ನೆಗೆ ಇಳಿಯುತ್ತವೆ, ಬಿಎಬಿ ಸೊನ್ನೆ. ಚಿಲ್ಲರೆಯನ್ನು ಮೊದಲು ಕೂಡಿಸಿ ಆಮೇಲೆ ಇಳಿಸಿದ್ದರೆ ಸರಿಯಾಗಿ ಎರಡು ಬರುತ್ತಿತ್ತು.

ಈ ಅನ್ಯಾಯಕ್ಕೆ ಪರಿಹಾರವಾಗಿ 2004ರ ಅನ್‌ಅರ್ಥ್ಡ್ ಅರ್ಕಾನ ಪುಸ್ತಕದಲ್ಲಿ ಭಿನ್ನರಾಶಿಯ ಐಚ್ಛಿಕ ನಿಯಮವೊಂದು ಬಂತು: ಎಲ್ಲ ಕ್ಲಾಸುಗಳ ಮುಕ್ಕಾಲು, ಅರ್ಧಗಳನ್ನು ಹಾಗೆಯೇ ಕೂಡಿಸಿ, ಕೊನೆಯಲ್ಲಿ ಒಂದೇ ಬಾರಿ ಇಳಿಸುವುದು. ರೋಗ್ ಆರು, ವಿಝರ್ಡ್ ಮೂರು ಇರುವ ಪಾತ್ರಕ್ಕೆ ಪಟ್ಟಿಯ ಪ್ರಕಾರ 4 ಮತ್ತು 1, ಒಟ್ಟು +5, ಒಂದೇ ಅಟ್ಯಾಕ್. ಐಚ್ಛಿಕ ನಿಯಮದ ಪ್ರಕಾರ ನಾಲ್ಕೂವರೆ ಮತ್ತು ಒಂದೂವರೆ, ಒಟ್ಟು ಆರು. +6/+1, ಎರಡು ಅಟ್ಯಾಕ್. ನಮ್ಮ ಮೇಜಿನಲ್ಲಿ ನಾವು ಈ ನಿಯಮವನ್ನೇ ಒಪ್ಪಿಕೊಂಡಿದ್ದೇವೆ. ಅರ್ಧ ಅಂಕೆಗಾಗಿ ಹುಡುಗರು ಮುನಿಸಿಕೊಳ್ಳುವುದನ್ನು ನೋಡುವುದಕ್ಕಿಂತ ಇದು ಲೇಸು. ಆಟ ಆರಂಭವಾಗುವ ಮೊದಲೇ ಡಿಎಂ, ಅಂದರೆ ಆಟ ನಡೆಸುವವರು, ಇದನ್ನು ಎಲ್ಲರಿಗೂ ತಿಳಿಸಿರಬೇಕು ಅಷ್ಟೇ.

ವಿಷ, ಮಂತ್ರ ಮುಂತಾದವುಗಳಿಂದ ಪಾರಾಗಲು ದಾಳ ಉರುಳಿಸುವ ಸೇವಿಂಗ್ ಥ್ರೋಗಳಲ್ಲಿ (ಚಿಕ್ಕದಾಗಿ ಸೇವ್) ಇದು ತಲೆಕೆಳಗಾಗುತ್ತದೆ, ಅಲ್ಲಿ ಮಲ್ಟಿಕ್ಲಾಸ್ ಪಾತ್ರಕ್ಕೇ ಲಾಭ. ಉತ್ತಮ ಸೇವ್ ಇರುವ ಕ್ಲಾಸಿನ ಮೊದಲ ಲೆವೆಲ್ಲಿಗೇ +2 ಸಿಗುವುದರಿಂದ, ಫೈಟರ್ ಒಂದು, ಕ್ಲೆರಿಕ್ ಒಂದು, ಡ್ರೂಯಿಡ್ ಒಂದು ತೆಗೆದುಕೊಂಡವನ ಫಾರ್ಟಿಟ್ಯೂಡ್, ಅಂದರೆ ದೇಹದ ತಾಳಿಕೆಯ ಸೇವ್, ಮೂರನೆಯ ಲೆವೆಲ್ಲಿಗೇ +6; ಬರೀ ಫೈಟರ್ ಆದವನು ಅಷ್ಟು ಮುಟ್ಟಲು ಎಂಟನೆಯ ಲೆವೆಲ್ಲಿನವರೆಗೆ ಕಾಯಬೇಕು.

ಐದನೆಯ ಆವೃತ್ತಿಯಲ್ಲಿ

2014ರ ಐದನೆಯ ಆವೃತ್ತಿ ಈ ಕೂಡುವ ಲೆಕ್ಕವನ್ನೇ ಕೈಬಿಟ್ಟಿತು. ಅಲ್ಲಿ ಇರುವುದು ಪ್ರೊಫಿಷಿಯನ್ಸಿ ಬೋನಸ್. ಅದನ್ನು ಕ್ಲಾಸು ನೋಡದೆ ಒಟ್ಟು ಲೆವೆಲ್ ನೋಡಿ ಕೊಡುತ್ತಾರೆ. 1ರಿಂದ 4ರವರೆಗೆ +2, ಆಮೇಲೆ ಪ್ರತಿ ನಾಲ್ಕು ಲೆವೆಲ್ಲಿಗೆ ಒಂದೊಂದು ಏರಿ, 17ರಿಂದ 20ರವರೆಗೆ +6. ಬೆಟ್ಟಯ್ಯನಂಥವನಿಗೆ ಅಲ್ಲಿ ಒಂಬತ್ತನೆಯ ಲೆವೆಲ್ಲಿನ +4. ಆದರೆ ಎಕ್ಸ್‌ಟ್ರಾ ಅಟ್ಯಾಕ್ ಎಂಬ ಸಾಮರ್ಥ್ಯ ಎರಡು ಕ್ಲಾಸುಗಳಿಂದ ಬಂದರೂ ಕೂಡುವುದಿಲ್ಲ: ಫೈಟರ್ ಐದು, ರೇಂಜರ್ ಐದು ಇದ್ದವನಿಗೂ ಸಿಗುವುದು ಎರಡೇ ಏಟು, ಮೂರಲ್ಲ. ಮೂರನೆಯದು ಬೇಕಾದರೆ ಫೈಟರ್ ಕ್ಲಾಸೊಂದರಲ್ಲೇ ಹನ್ನೊಂದು ಲೆವೆಲ್ ಮುಟ್ಟಬೇಕು.

ಮತ್ತೆ ನಮ್ಮ ಮೇಜಿಗೆ ಬಂದರೆ, +13/+8 ಎಂದು ಹೊಸ ಶೀಟಿನಲ್ಲಿ ಬರೆದುಕೊಂಡ ಹುಡುಗ ಹತ್ತನೆಯ ಲೆವೆಲ್ಲಿಗೆ ಏನು ತೆಗೆದುಕೊಳ್ಳಲಿ ಎಂದು ಕೇಳಿದ. ಫೈಟರ್ ಆರಾದರೆ ಬಿಎಬಿ ಒಂಬತ್ತಾಗುತ್ತದೆ, ಹೊಸ ಫೀಟ್ ಕೂಡ ಸಿಗುತ್ತದೆ. ಫೈಟರ್ ಹಾದಿಯಲ್ಲೇ ನಡೆದರೆ ಹನ್ನೆರಡನೆಯ ಲೆವೆಲ್ಲಿಗೆ ಮೂರನೆಯ ಅಟ್ಯಾಕ್. ರೋಗ್ ಐದಾದರೆ ನಮ್ಮ ಭಿನ್ನರಾಶಿಯ ನಿಯಮದಲ್ಲಿಯೂ ಮೂರೂಮುಕ್ಕಾಲು, ಅಂದರೆ ಬಿಎಬಿ ಎಂಟರಲ್ಲೇ ನಿಲ್ಲುತ್ತದೆ, ಮೂರನೆಯ ಅಟ್ಯಾಕ್ ಹದಿಮೂರಕ್ಕೆ ಜಾರುತ್ತದೆ; ಬದಲಿಗೆ ಮರೆಯಿಂದ ಹೊಡೆಯುವ ಸ್ನೀಕ್ ಅಟ್ಯಾಕಿಗೆ ಆರು ಮುಖದ ದಾಳ ಎರಡಿದ್ದದ್ದು ಮೂರಾಗುತ್ತದೆ. ಅವನು ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದ. ಆಮೇಲೆ ಡಬ್ಬಿಯಿಂದ ಇನ್ನೊಂದು ಆರು ಮುಖದ ದಾಳ ಎತ್ತಿ ತನ್ನ ಮುಂದೆ ಇಟ್ಟುಕೊಂಡ.